ಕೆಂಪು ಚೌಕದ ತೀರ್ಪು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ದೊಡ್ಡ ವಿದ್ಯೆ. ನನಗದು ಒಲಿಯಲಿಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಕಂಡವರ ಕೆಲಸದಲ್ಲಿ ಹುಳುಕು ಹುಡುಕಿ ಸಂಬಳ ತಂದವನಿಗೆ ತನ್ನದೂ ತಪ್ಪಬಹುದು ಎನ್ನಿಸುವುದು ಕಡಿಮೆ. ಮನೆಯಲ್ಲೂ ಅಷ್ಟೇ, ದೋಸೆಯ ಅಂಚು ಒಂದೇ ಸಮ ಇಲ್ಲ ಎಂದು ಒಮ್ಮೆ ಹೇಳಿ ಮೂರು ದಿನ ಉಪ್ಪಿಟ್ಟು ತಿಂದಿದ್ದೇನೆ.

ನಮ್ಮಲ್ಲಿ ಹಸಿರು ಟ್ಯಾಗ್ ಕಟ್ಟಿದರೆ ಮಾಲು ಪಾಸು, ಕೆಂಪು ಕಟ್ಟಿದರೆ ರಿಜೆಕ್ಟು. ಈ ನಿಯಮ ನನ್ನ ರಕ್ತಕ್ಕೇ ಇಳಿದಿತ್ತು. ಜಾಲಹಳ್ಳಿ ಕ್ರಾಸಿನ ಕೆಂಪು ದೀಪಕ್ಕೆ, ಹಿಂದಿನವರು ಹಾರ್ನ್ ಹೊಡೆದು ಬೈದರೂ, ಕದಲದೆ ನಿಂತವನು ನಾನೊಬ್ಬನೇ ಇರಬೇಕು. ಆ ವರ್ಷ ಜಪಾನಿನ ಗಿರಾಕಿಯೊಬ್ಬರಿಗೆ ಸ್ಯಾಂಪಲ್ ಶಾಫ್ಟ್‌ಗಳನ್ನು ಕಳಿಸಿದ್ದೆವು. ಅವನ್ನು ಲೇತಿನಲ್ಲಿ ಕಡೆದು ಕೊಟ್ಟವನು ಶಿವಲಿಂಗಪ್ಪ. ಇಂಡಿ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆ ರೂಮು. ಸ್ಯಾಂಪಲ್ ಪಾಸಾದರೆ ಅವನ ನೌಕರಿ ಕಾಯಂ, ಹೆಂಡತಿಯನ್ನು ಕರೆಸಿಕೊಳ್ಳಬಹುದು. ಇಲ್ಲವಾದರೆ ತಿಂಗಳ ಕೊನೆಗೆ ನಮಸ್ಕಾರ.

ಒಂದು ಬೆಳಿಗ್ಗೆ ಗಿರಾಕಿಯ ಇಂಜಿನಿಯರರಿಂದ ವಾಟ್ಸಾಪಿನಲ್ಲಿ ಶಾಫ್ಟಿನ ಫೋಟೊ ಬಂತು. ಕೆಳಗೆ ಮಾತಿಲ್ಲ, ಕೆಂಪು ಚೌಕದ ಒಂದು ಇಮೋಜಿ ಮಾತ್ರ. ಒಳಗೆ ಬಿಳಿಯಲ್ಲಿ, ಸೂರಿನಡಿ ಪೆಟ್ಟಿಗೆ ಇಟ್ಟಂಥ ಜಪಾನಿ ಅಕ್ಷರ. ಅಕ್ಷರ ಯಾರಿಗೆ ಬೇಕು, ಬಣ್ಣ ಸಾಲದೇ? ಸ್ಯಾಂಪಲ್ ಜೊತೆಗೇ ಕಡೆದಿಟ್ಟಿದ್ದ ಉಳಿದ ಮಾಲಿಗೆಲ್ಲ ಕೆಂಪು ಟ್ಯಾಗ್ ಕಟ್ಟಿಸಿ, ಶಿವಲಿಂಗಪ್ಪನನ್ನು ಕರೆದು, ಶ್ರದ್ಧೆ ಎಂದರೇನು ಎಂದು ಅರ್ಧ ಗಂಟೆ ಉಪದೇಶ ಮಾಡಿದೆ.

"ನಾ ಮೂರ್ ಸಲ ಅಳತಿ ನೋಡೀನ್ರಿ ಸರ. ನೀವೂ ಒಂದ್ ಸಲ ನೋಡ್ರಿ," ಎಂದ.

ಜಪಾನಿನವರೇ ನೋಡಿದ ಮೇಲೆ ನಾನೇನು ನೋಡುವುದು ಎಂದೆ. ಅಳೆಯುವ ಮೈಕ್ರೋಮೀಟರು ನನ್ನ ಜೇಬಿನಲ್ಲೇ ಇತ್ತು.

ಮರುದಿನ ಅದೇ ಇಂಜಿನಿಯರು ಉಳಿದ ಮಾಲು ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ರಿಜೆಕ್ಟ್ ಆದದ್ದಕ್ಕೆ ಕ್ಷಮಿಸಿ ಎಂದು ಬರೆದೆ. ಅವರಿಗೇ ಗಾಬರಿಯಾಯಿತು. ಆ ಅಕ್ಷರದ ಅರ್ಥ 'ತೇರ್ಗಡೆ'ಯಂತೆ. ಪರೀಕ್ಷೆ ಪಾಸಾದರೆ ಅವರಲ್ಲಿ ಅದನ್ನೇ ಹಾಕುತ್ತಾರಂತೆ. ನಾಚಿಕೆಯಿಂದ ನನ್ನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

ಲೇತಿನ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಶಿವಲಿಂಗಪ್ಪ ಮೆಷಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ಹೆಂಡತಿಗೆ ಬರಬೇಡ ಎಂದು ಆಗಲೇ ಫೋನ್ ಮಾಡಿಬಿಟ್ಟಿದ್ದೇನೆ, ಈಗ ಏನು ಹೇಳಲಿ ಎಂದು ಕೇಳಿದ. ನಮ್ಮ ಸಾಹೇಬರಿಗೆ ತಲೆ ಕೆಟ್ಟಿತ್ತು ಅಂತ ಹೇಳಪ್ಪ ಎಂದೆ.

"ಅದನ್ನ ನಿನ್ನೇನ ಹೇಳೀನ್ರಿ," ಎಂದ.

ನನ್ನ ಮೇಜಿಗೆ ಮರಳಿ ರಿಜೆಕ್ಷನ್ ರಿಜಿಸ್ಟರ್ ತೆಗೆದೆ. ಕಾರಣ ಎಂಬಲ್ಲಿ 'ಆಪರೇಟರನ ಅಜಾಗರೂಕತೆ' ಎಂದು ದುಂಡಗೆ ಬರೆದಿದ್ದೆ. ಮೊದಲ ಪದ ಹೊಡೆದು 'ಇನ್‌ಸ್ಪೆಕ್ಟರನ' ಎಂದು ಮಾಡಿದೆ. ಉಳಿದದ್ದನ್ನು ತಿದ್ದಬೇಕಾಗಿರಲಿಲ್ಲ.