ದೇವದಾಸನನ್ನು ಕ್ಷಮಿಸಲು ಹೋದದ್ದು

ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಮುಕ್ಕಾದ ಮಾತ್ರೆಯಾಗಲಿ, ಬಣ್ಣಗೆಟ್ಟ ಮಾತ್ರೆಯಾಗಲಿ ನನ್ನ ಕಣ್ಣು ತಪ್ಪಿಸಿ ಡಬ್ಬಿ ಸೇರಿದ್ದಿಲ್ಲ. ಹಾಗಾಗಿ ನಮ್ಮ ಪಾದ್ರಿಗಳು, "ಬರುವ ಭಾನುವಾರ ಪ್ರಭುಭೋಜನ. ಪ್ರತಿಯೊಬ್ಬರೂ ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ಬನ್ನಿ" ಎಂದಾಗ ನನಗೆ ಉಳಿದವರ ಬಗ್ಗೆ ಕನಿಕರವಾಯಿತು. ಪಾಪ, ಅವರಿಗೆ ತಪಾಸಣೆಯ ಅನುಭವ ಎಲ್ಲಿಂದ ಬರಬೇಕು?

ನಮ್ಮದು ಸಿಕಂದರಾಬಾದಿನ ಸಣ್ಣ ಕನ್ನಡ ಸಭೆ. ಬೀದರ, ಕಲಬುರಗಿ ಕಡೆಯಿಂದ ಬಂದವರೇ ಎಲ್ಲ. ತೆಲುಗಿನವರ ಆರಾಧನೆ ಮುಗಿದ ಮೇಲೆ ಚರ್ಚು ನಮ್ಮ ಕೈಗೆ ಬರುತ್ತದೆ. ಅಲ್ಲಿಂದ ಮನೆಗೆ ಬಂದವನೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಆತ್ಮದ ತಪಾಸಣೆ ಕೈಗೊಂಡೆ. ಪ್ರಾರ್ಥನೆ ಸರಿ ಇತ್ತು. ಬೈಬಲ್ ಓದುವುದೂ ಸರಿ, ಕನ್ನಡಕ ಸಿಕ್ಕ ದಿನಗಳಲ್ಲಿ. ಸುಳ್ಳು ಹೇಳುವುದು ಮೇಲಧಿಕಾರಿಗಳಿಗೆ ಮಾತ್ರ. ಸಿಟ್ಟು? ಬಿಲ್ಕುಲ್ ಇಲ್ಲ. ಫಲಿತಾಂಶವನ್ನು ಹೆಂಡತಿಗೆ ಘೋಷಿಸಿದೆ.

ಬೆಳ್ಳುಳ್ಳಿ ಸುಲಿಯುತ್ತಿದ್ದ ಸುಶೀಲಾ ತಲೆ ಎತ್ತಲಿಲ್ಲ. "ಮತ್ತ ದೇವದಾಸಣ್ಣನ ಕೂಡ ಮಾತು ಬಿಟ್ಟೀರಲ್ರೀ?"

ದೇವದಾಸ ನಮ್ಮ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವನು. ಕ್ರಿಸ್ಮಸ್ ಹಾಡುಗಳ ಅಭ್ಯಾಸದಲ್ಲಿ ಎಲ್ಲರೆದುರಿಗೆ, "ಸಾಮುವೇಲಣ್ಣ, ಸ್ವಲ್ಪ ಮೆಲ್ಲಕ ಹಾಡ್ರಿ" ಎಂದಿದ್ದ. ಅಂದಿನಿಂದ ನಾನು ಹಾಡುವುದನ್ನೇ ನಿಲ್ಲಿಸಿದ್ದೆ. ಎಲ್ಲರೊಂದಿಗೆ ಎದ್ದು ನಿಲ್ಲುತ್ತಿದ್ದೆ, ತುಟಿಯನ್ನೂ ಅಲ್ಲಾಡಿಸುತ್ತಿದ್ದೆ. ಧ್ವನಿ ಮಾತ್ರ ಕೊಡುತ್ತಿರಲಿಲ್ಲ. ನನ್ನ ಆ ಭೀಕರ ಮೌನ ಅವನನ್ನು ಒಳಗೊಳಗೇ ಸುಡುತ್ತಿರಬೇಕೆಂದು ನಂಬಿದ್ದೆ.

"ಅದು ಅವನ ಪಾಪ. ನನ್ನ ತಪಾಸಣೆಯೊಳಗ ಬರಂಗಿಲ್ಲ" ಎಂದೆ.

"ಹಂಗಾದ್ರ ಐತವಾರ ನೀವೊಬ್ರೇ ಮುಂದ ಹೋಗ್ರಿ. ಮನಸ್ಸಿನ್ಯಾಗ ಇಷ್ಟು ಇಟ್ಕೊಂಡವರ ಬಾಜೂಕ ನಾ ಮೊಣಕಾಲು ಊರಂಗಿಲ್ಲ."

ಪ್ರಭುಭೋಜನಕ್ಕೆ ನಮ್ಮಲ್ಲಿ ಗಂಡ ಹೆಂಡತಿ ಜೋಡಿಯಾಗಿ ಮುಂದೆ ಹೋಗಿ, ಮೊಣಕಾಲೂರಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವುದು ರೂಢಿ. ಮದುವೆಯಾದಂದಿನಿಂದ ಆ ಜಾಗಕ್ಕೆ ನಾನು ಒಬ್ಬನೇ ಹೋದದ್ದಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಪರಿಹಾರ ಸುಲಭವಿತ್ತು. ದೇವದಾಸನನ್ನು ಕ್ಷಮಿಸಿಬಿಡುವುದು! ಶನಿವಾರ ಸಂಜೆ ಇಸ್ತ್ರಿ ಅಂಗಿ ತೊಟ್ಟು, ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ ಹಿಡಿದು, ಸುಶೀಲಾಳನ್ನು ಸಾಕ್ಷಿಗೆ ಕರೆದುಕೊಂಡು ಆಟೋ ಹತ್ತಿದೆ. ಬನಿಯನ್ನಿನಲ್ಲೇ ಬಾಗಿಲು ತೆರೆದ ದೇವದಾಸನ ಮುಂದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: "ಸಹೋದರನೇ, ನಿನ್ನ ಅಪರಾಧವನ್ನು ನಾನು ಪೂರ್ಣಹೃದಯದಿಂದ ಕ್ಷಮಿಸಿದ್ದೇನೆ."

ಅವನು ನನ್ನನ್ನು ನೋಡಿದ, ಪೊಟ್ಟಣವನ್ನು ನೋಡಿದ. "ಬರ್ರಿ, ಕುಂದರ್ರಿ. ಯಾತರ ಮಾಫಿ?"

ಅವನಿಗೆ ನೆನಪೇ ಇರಲಿಲ್ಲ. ಕ್ಷಮಿಸಲು ಬಂದವನೇ ಅಪರಾಧವನ್ನೂ ವಿವರಿಸಬೇಕಾಯಿತು. ವಿವರಿಸುತ್ತ ವಿವರಿಸುತ್ತ ಆರಿದ್ದ ಸಿಟ್ಟು ಮತ್ತೆ ಬಿಸಿಯಾಗತೊಡಗಿತು. "ಅವತ್ತಿಂದ ನಾ ಚರ್ಚಿನ್ಯಾಗ ಒಂದು ಸಾಲು ಹಾಡಿಲ್ಲ" ಎಂದು ಮುಗಿಸಿದೆ.

"ಹಾಡಾಕತ್ತಿಲ್ಲೇನು ನೀವು?" ದೇವದಾಸ ಪ್ರಾಮಾಣಿಕವಾಗಿ ಬೆರಗಾದ. "ಈಗೀಗ ಹಾಡು ಭಾಳ ಚೊಲೋ ಕೇಳಾಕತ್ತಾವು. ಹಾರ್ಮೋನಿಯಂ ರಿಪೇರಿ ಮಾಡಿಸಿದ್ದಕ್ಕ ಅಂತ ತಿಳ್ಕೊಂಡಿದ್ದೆ."

ನಾನು ಎದ್ದು ನಿಂತೆ. ಬಿಸ್ಕತ್ತಿನ ಪೊಟ್ಟಣವನ್ನೂ ಎತ್ತಿಕೊಂಡೆ. "ನನ್ನ ಕ್ಷಮಾ ವಾಪಸ್ ತಗೊಂಡೀನಿ" ಎಂದು ಗಟ್ಟಿಯಾಗಿ ಕೂಗಿದೆ. ಸುಶೀಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆಗ ಒಳಕೋಣೆಯಿಂದ, "ಯಾರದು? ಸಾಮುವೇಲಪ್ಪನ ದನಿ ಅಲ್ಲೇನು?" ಎಂದು ಕೇಳಿಸಿತು. ಗೋಡೆ ಹಿಡಿದುಕೊಂಡು ದೇವದಾಸನ ತಾಯಿ ರಾಹೇಲಮ್ಮ ಬಂದರು. ಅವರಿಗೆ ಕಣ್ಣು ಕಾಣುವುದಿಲ್ಲ.

"ದನಿ ತಿರುಗಿ ಬಂತೇನಪಾ ನಿನಗ? ನನಗ ಕಣ್ಣಿಲ್ಲ, ಚರ್ಚಿಗೆ ಯಾರು ಬಂದಾರ ಅಂತ ಹಾಡಿನ್ಯಾಗ ಗೊತ್ತು ಮಾಡ್ಕೋತೀನಿ. ಹಬ್ಬದಿಂದ ನಿನ್ನ ದನಿ ಇಲ್ಲ. ಕೇಳಿದ್ರ, ಅಲ್ಲೇ ನಿಂತಾನ ಅಂತಾರ. ಪಾಪ, ಗಂಟಲಿಗೆ ಏನೋ ದೊಡ್ಡ ಬ್ಯಾನಿ ಆಗೈತಿ, ಹೇಳಾಕ ಅಂಜಾಕತ್ತಾನ ಅಂದ್ಕೊಂಡೆ. ದಿನಾ ಮುಂಜಾನಿ ನಿನ್ನ ಗಂಟಲಿಗೆ ಪ್ರಾರ್ಥನಾ ಮಾಡಾಕತ್ತೀನಿ."

ನಾನು ಸ್ವಾಭಿಮಾನವೆಂದು ಸಾಕಿಕೊಂಡದ್ದನ್ನು ಅವರು ರೋಗವೆಂದು ತಿಳಿದು ದಿನಾ ದೇವರ ಮುಂದೆ ಇಡುತ್ತಿದ್ದರು. ಯೋಚಿಸಿದರೆ ಅವರ ತಪಾಸಣೆಯೇ ಸರಿ.

"ಒಂದು ಹಾಡಪಾ, ಕೇಳ್ತೀನಿ" ಎಂದರು.

ದೇವದಾಸ ಹಾರ್ಮೋನಿಯಂ ಎಳೆದುಕೊಂಡ. ನಾನು ಹಾಡಿದೆ. ಧ್ವನಿ ಒಡೆಯಿತು, ಶ್ರುತಿ ಎತ್ತಲೋ ಹೋಯಿತು, ಅವನು ನುಡಿಸುವುದನ್ನು ಬಿಡಲಿಲ್ಲ. ರಾಹೇಲಮ್ಮ ಕೈ ಜೋಡಿಸಿ ಮುಖ ಮೇಲೆತ್ತಿ, "ಕೇಳಿದಿಯಲ್ಲಪಾ ದೇವ್ರ, ನಿನಗ ಸ್ತೋತ್ರ" ಎಂದರು, ಪಕ್ಕದಲ್ಲೇ ಕುಳಿತವರಿಗೆ ಹೇಳುವ ಹಾಗೆ. ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಲು ಧೈರ್ಯವಾಗದೆ ನೆಲಕ್ಕೆ ಕುಳಿತುಬಿಟ್ಟೆ. "ದೇವದಾಸ, ತಪ್ಪು ನಂದು. ನೀನೇ ನನ್ನ ಮಾಫ್ ಮಾಡು" ಎಂದೆ. ಅವನು ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಚಹಾಕ್ಕೆ ಹೇಳಿದ.

ಭಾನುವಾರ ಸುಶೀಲಾ ನನ್ನ ಪಕ್ಕದಲ್ಲೇ ಮೊಣಕಾಲೂರಿದಳು. ಪಾದ್ರಿಗಳು ಅಂಗೈಯಲ್ಲಿ ರೊಟ್ಟಿಯ ತುಣುಕು ಇಟ್ಟಾಗ, ಇಂಥವನಿಗೂ ಇದು ಸಿಗುತ್ತದಲ್ಲ ಎಂದು ಕಣ್ಣು ತುಂಬಿ ಬಂತು.

ಹೊರಗೆ ಬಾಗಿಲ ಬಳಿ ರಾಹೇಲಮ್ಮ ನನ್ನ ಕೈ ಹಿಡಿದುಕೊಂಡರು. "ಗಂಟಲು ಬರೋಬರಿ ಆತು. ಇನ್ನ ಮುಂಜಾನಿ ಯಾರಿಗೆ ಪ್ರಾರ್ಥನಾ ಮಾಡ್ಲಿ?"

"ನನಗೇ ಮಾಡ್ರಿ ಅಮ್ಮಾ. ಗಂಟಲು ಬಿಟ್ಟು ಉಳಿದದ್ದಕ್ಕ."

ಅವರು ನನ್ನ ಕೈ ತಟ್ಟಿದರು.

"ಆತಪಾ. ಆದ್ರ ಅದಕ್ಕ ಭಾಳ ದಿನ ಹಿಡೀತೈತಿ."