ಕಾರು ಕಣ್ಣು ಹೊಡೆದ ಶನಿವಾರ

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕರೆಂಟಿನ ಸಹವಾಸಕ್ಕೆ ಬಂದವರೆಲ್ಲ ಶಾಕ್ ಹೊಡೆಸಿಕೊಂಡವರು. ಕರೆಂಟನ್ನು ಓದಿದವನು ನಾನೊಬ್ಬನೇ! ಅಪ್ಪ ಲಿಂಗಸುಗೂರು ಕಡೆಯಿಂದ ಹೈದರಾಬಾದಿಗೆ ಬಂದು ಗೌಂಡಿ ಕೆಲಸ ಮಾಡಿದವನು. ಮಿಯಾಪುರದ ಎಷ್ಟೋ ಅಪಾರ್ಟ್‌ಮೆಂಟುಗಳ ಗೋಡೆಗಳನ್ನು ಅವನು ಕಟ್ಟಿದ್ದಾನೆ, ನಾನು ಇಟ್ಟಿಗೆ ಹೊತ್ತಿದ್ದೇನೆ. ಹಗಲು ಇಟ್ಟಿಗೆ, ಸಂಜೆ ಕಾಲೇಜು. ಮೂರು ವಿಷಯಗಳು ನನ್ನನ್ನು ಬಿಟ್ಟಿರಲಾರದೆ ಮತ್ತೆ ಮತ್ತೆ ಪರೀಕ್ಷೆಗೆ ಕರೆದದ್ದರಿಂದ ನಾಲ್ಕು ವರ್ಷದ ಪದವಿಗೆ ಏಳು ವರ್ಷ ಹಿಡಿಯಿತು. ಹಿಡಿಯಲಿ! ಇಂದು ಅದೇ ಮಿಯಾಪುರದಲ್ಲಿ ನಮ್ಮ ಫ್ಲ್ಯಾಟಿನ ಬಾಗಿಲಿಗೆ ‘ಶರಣಪ್ಪ, ಬಿ.ಇ., ಎಲೆಕ್ಟ್ರಿಕಲ್’ ಎಂಬ ಹಿತ್ತಾಳೆಯ ಫಲಕವಿದೆ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕುವವನು ಅಪ್ಪ.

ಇಂಥ ಮನುಷ್ಯ ತನ್ನ ಕಾರಿನ ಲೈಟು ಹಾಕಿಸಲು ಮೆಕ್ಯಾನಿಕ್ ಬಳಿ ಹೋದರೆ ಆ ಫಲಕಕ್ಕೆ ಮರ್ಯಾದೆ ಉಳಿಯುತ್ತದೆಯೇ?

ಹುಮನಾಬಾದಿಗೆ ಕೊಟ್ಟಿರುವ ನನ್ನ ನಾದಿನಿಯ ಕುಬಸ ಭಾನುವಾರ ಮುಂಜಾನೆ ಎಂಟಕ್ಕೆ ಇತ್ತು. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ಅತ್ತೆ ತೀರಿಕೊಂಡಿರುವುದರಿಂದ ಆ ತವರು ಎಂದರೆ ನನ್ನ ಹೆಂಡತಿ ಸುಮಾ ಒಬ್ಬಳೇ. ಒಂದು ತಿಂಗಳಿಂದ ಅವಳಿಗೆ ಬೇರೆ ಮಾತಿಲ್ಲ. ಶನಿವಾರ ನಾಲ್ಕಕ್ಕೆ ಕಾರಿನಲ್ಲಿ ಹೊರಡುವುದೆಂದು ಠರಾವಾಯಿತು.

“ಲೈಟ್ ಭಾಳ ಮಂದ ಆಗ್ಯಾವ್ರಿ. ಹೋದ ಸಲ ಎಮ್ಮಿ ಬಾನೆಟ್ ಮ್ಯಾಲೆ ಬಂದ ಮ್ಯಾಲೆ ಕಂಡಿತ್ತು. ಯಾರಿಗರ ತೋರಿಸ್ರಿ,” ಎಂದಳು.

“ಯಾರಿಗರ ಅಂದ್ರ? ನಾ ಯಾರು?” ಎಂದೆ.

ಬಾಲಾನಗರದಲ್ಲಿ ಬೀದರಿನ ಮಹಬೂಬ್ ಭಾಯಿಯ ಅಂಗಡಿಯಿಂದ, ಮಾಮೂಲಿಗಿಂತ ಮೂರು ಪಟ್ಟು ಬೆಳಗುವ ಎಚ್‌ಐಡಿ ಲೈಟಿನ ಕಿಟ್ ತಂದೆ. ಎರಡು ಬಲ್ಬು, ಅವಕ್ಕೆ ಕರೆಂಟು ಏರಿಸಿ ಕೊಡುವ ಎರಡು ಡಬ್ಬಿ, ಒಂದು ರಾಶಿ ವಾಯರು.

“ಗಾಡಿ ಬಿಟ್ಟು ಹೋಗ್ರಿ ಸರ, ಅರ್ಧ ತಾಸಿನ ಕೆಲಸ,” ಎಂದ ಭಾಯಿ.

ನಾನು ನನ್ನ ಪದವಿಯ ಪರಿಚಯ ಮಾಡಿಕೊಟ್ಟೆ. ಅವನು ಎದ್ದು ನಿಂತು, “ಹಂಗಾದ್ರ ನಿಮಗೇನ್ ಹೇಳೂದ್ರಿ! ಏನರ ಬೇಕಾದ್ರ ಫೋನ್ ಮಾಡ್ರಿ,” ಎಂದ. ನಾನು ಮನಸ್ಸಿನಲ್ಲೇ ನಕ್ಕೆ. ನನಗೆ ಫೋನು!

ಶನಿವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಶುಭಾರಂಭವಾಯಿತು. ಎರಡನೇ ಮಹಡಿಯ ರಾವ್‌ಗಾರು ಕುರ್ಚಿ ಹಾಕಿಕೊಂಡು ನೋಡಲು ಕುಳಿತರು. ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಲೇಬಾರದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಅದನ್ನು ಓದಿ ತಲೆ ಎತ್ತುವಷ್ಟರಲ್ಲಿ ಅಪ್ಪ ಎರಡೂ ಬಲ್ಬುಗಳಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿ ಕೈಮುಗಿದು ನಿಂತಿದ್ದ!

“ಹೊಸಾ ಸಾಮಾನು, ಶರಣ್ಯಾ. ಹಂಗ ಹಚ್ಚಬಾರದು.”

ಅಪ್ಪ ಆಚೆ ಹೋದ ಮೇಲೆ ಬಲ್ಬುಗಳ ಹಣೆಯನ್ನು ಸ್ಪಿರಿಟ್ ಹಾಕಿ ಒರೆಸಿದೆ. ಹಳೆಯ ಬಲ್ಬು ತೆಗೆಯಲು ಒಳಗೆ ಹಾಕಿದ ಕೈ ಒಳಗೇ ಉಳಿಯಿತು. ಅದನ್ನು ಹೊರತೆಗೆಯಲು ಸುಮಾ ಕೊಬ್ಬರಿ ಎಣ್ಣೆ ತರಬೇಕಾಯಿತು. ಮಧ್ಯಾಹ್ನ ಎರಡಕ್ಕೆ, ಕೈ, ಕಾರು ಎರಡೂ ಎಣ್ಣೆಮಯವಾಗಿದ್ದಾಗ, ಸಕಲ ವಾಯರುಗಳನ್ನೂ ಜೋಡಿಸಿ ಸ್ವಿಚ್ ಹಾಕಿದೆ.

ಬಲಗಡೆಯ ಲೈಟು ಝಗ್ ಎಂದಿತು! ಅಪ್ಪ ಚಪ್ಪಾಳೆ ತಟ್ಟಿದ. ಎಡಗಡೆಯದು ಹತ್ತಿತು, ಆರಿತು, ಹತ್ತಿತು, ಆರಿತು. ಎದುರಿಗೆ ಬಟ್ಟೆ ಒಣಹಾಕುತ್ತಿದ್ದ ರಾವ್‌ಗಾರರ ಹೆಂಡತಿಗೆ ನನ್ನ ಕಾರು ಬಿಡದೆ ಕಣ್ಣು ಹೊಡೆಯುತ್ತಿತ್ತು! ರಾವ್‌ಗಾರು ಹೆಂಡತಿಯನ್ನು ಒಳಗೆ ಕಳಿಸಿದರು. ಎಂಜಿನ್ ಚಾಲೂ ಮಾಡಿದರೆ ಬಲಗಡೆಯದೂ ಕಣ್ಣು ಮುಚ್ಚಿತು.

ವಿಧಿಯಿಲ್ಲದೆ, ಕಂಬದ ಹಿಂದೆ ನಿಂತು, ಮಹಬೂಬ್ ಭಾಯಿಗೆ ಫೋನು ಮಾಡಿದೆ. ಅವನು ಎಲ್ಲ ಕೇಳಿ ಒಂದೇ ಮಾತು ಅಂದ:

“ಸರ, ಅರ್ಥ ಆಗ್ಯಾದೇನ್ರಿ?”

ನನ್ನ ಮೈ ಉರಿಯಿತು. ಏಳು ವರ್ಷ ಓದಿದವನಿಗೆ ಅರ್ಥ ಆಗಿದೆಯಾ ಎಂದು ಕೇಳುತ್ತಾನೆ!

“ಆಗೇತಿ!”

“ಬರೋಬರ್ ಆಗ್ಯಾದೇನ್ರಿ? ನೋಡಿದ್ರ ಆದಂಗ ಕಾಣ್ತದ, ಖರೆ ಆಗಿರಂಗಿಲ್ರಿ.”

“ಮೊದಲನೇ ಸಲಕ್ಕ ಆಗೇತಿ! ನಾ ಯಾರಂತ ತಿಳ್ದೀ?”

“ಸಿಟ್ಟಾಗಬ್ಯಾಡ್ರಿ. ಎಲ್ಲಿ ಅರ್ಥ ಮಾಡೀರಿ?”

“ಎಲ್ಲಿ ಅಂದ್ರ? ತಲ್ಯಾಗ!”

ಭಾಯಿ ಬಹಳ ಮೆಲ್ಲಗೆ, ರೋಗಿಗೆ ಹೇಳುವಂತೆ ಹೇಳಿದ: “ತಲ್ಯಾಗ ಬ್ಯಾಡ್ರಿ ಸರ. ಬಾಡಿಗಿ ಕೊಡ್ರಿ.”

ನನ್ನ ಸ್ವಂತ ಕಾರನ್ನು ಬಾಡಿಗೆಗೆ ಕೊಡಬೇಕಂತೆ! ನಾನು ಆ ಕ್ಷಣವೇ ಫೋನು ಕುಕ್ಕಿದೆ.

“ಏನಂತಾರ್ರಿ ಭಾಯಿ?” ಎಂದಳು ಸುಮಾ.

“ಅವಗ ತಲಿ ಕೆಟ್ಟೈತಿ. ಅರ್ಥ ಆಗೇತೇನು ಅಂತಾನ, ಬಾಡಿಗಿ ಕೊಡ್ರಿ ಅಂತಾನ.”

ಮೂರೂವರೆ ಆಯಿತು. ಸುಮಾ ಹಸಿರು ಸೀರೆ, ಬಳೆ, ಐದು ಬಗೆಯ ಬುತ್ತಿ ಎಲ್ಲವನ್ನೂ ತಂದು ಹಿಂದಿನ ಸೀಟಿನಲ್ಲಿ ಇಟ್ಟಳು. ಕಾರು ಒಮ್ಮೆ ಕಣ್ಣು ಹೊಡೆಯಿತು. ಅವಳ ಕಣ್ಣಲ್ಲಿ ನೀರು ಬಂತು. “ನಾ ಹೋಗಲಿಲ್ಲಂದ್ರ ಅಕಿ ಉಡಿ ಯಾರು ತುಂಬ್ತಾರ್ರಿ? ಕೊಡ್ರಿ ಇಲ್ಲೆ ಫೋನು.”

ಪಿಯುಸಿಗೆ ಓದು ಬಿಟ್ಟ ನನ್ನ ಹೆಂಡತಿ, ನಾನು ಏಳು ವರ್ಷದಲ್ಲಿ ಯಾರನ್ನೂ ಕೇಳದಿದ್ದ ಪ್ರಶ್ನೆಯನ್ನು ಭಾಯಿಗೆ ನೇರವಾಗಿ ಕೇಳಿಬಿಟ್ಟಳು.

“ಅಣ್ಣಾರ, ನನಗ ತಿಳೀಲಿಲ್ರಿ. ಅರ್ಥ ಅಂದ್ರ ಏನು?”

“ಕರಿ ವಾಯರ್ರಿ ಅಕ್ಕಾರ, ಅರ್ಥಿಂಗ್! ಅದರ ತುದಿ ಗಾಡಿ ಬಾಡಿಗಿ ಕೊಡಬೇಕು. ಬಣ್ಣ ಕೆರದು, ಬರೇ ಕಬ್ಬಿಣ ಕಂಡ ಮ್ಯಾಲೆ ನಟ್ ಬಿಗೀಬೇಕು. ಸರ್ ಅವ್ರು ತಲ್ಯಾಗ ಮಾಡೀನಿ ಅಂತಾರ. ಅವ್ರ ತಬಿಯತ್ ಚಲೋ ಅದ ಅಲ್ರಿ?”

ಫೋನು ಸ್ಪೀಕರಿನಲ್ಲಿತ್ತು. ರಾವ್‌ಗಾರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ಅರ್ಥ ಅಂದರೆ ಇಂಗ್ಲಿಷಿನ ಅರ್ಥ್, ಭೂಮಿ! ಬಾಡಿಗೆ ಅಂದರೆ ಗಾಡಿಯ ಮೈಗೆ! ನಾನು ಕರಿ ವಾಯರನ್ನು ನಾಲ್ಕು ಪದರ ಬಣ್ಣದ ಮೇಲೆ ಬಹಳ ಅಂದವಾಗಿ ಬಿಗಿದಿದ್ದೆ. ಅರ್ಥಿಂಗ್ ನಮ್ಮ ಮೊದಲ ವರ್ಷದ ಪಾಠ. ನನ್ನನ್ನು ಬಿಟ್ಟಿರಲಾರದ ಆ ಮೂರು ವಿಷಯಗಳಲ್ಲಿ ಅದೂ ಒಂದು.

ಅಪ್ಪ ಚಾಕುವಿನ ಬೆನ್ನಿನಿಂದ ಬಣ್ಣ ಕೆರೆದ. ನಾನು ನಟ್ ಬಿಗಿದೆ. ಎರಡೂ ಲೈಟು ಒಟ್ಟಿಗೆ ಹತ್ತಿದವು! ಹಗಲಿನಲ್ಲೇ ಪಾರ್ಕಿಂಗಿನ ಗೋಡೆ ಬೆಳ್ಳಗಾಯಿತು. ನಾಲ್ಕೂಕಾಲಿಗೆ, ಬುತ್ತಿಯ ಪಕ್ಕ ಅಪ್ಪನನ್ನು ಕೂರಿಸಿಕೊಂಡು, ಎದೆಯುಬ್ಬಿಸಿ, ಹೊರಟೆವು.

ಸದಾಶಿವಪೇಟೆ ದಾಟುವಾಗ ಮಬ್ಬುಗತ್ತಲಾಯಿತು. ಎದುರಿನ ಗಾಡಿಗಳೆಲ್ಲ ನಮ್ಮತ್ತ ಲೈಟು ಮಿಣುಕಿಸತೊಡಗಿದವು.

“ನೋಡಿದೇನ? ಸಲಾಮ್ ಹೊಡ್ಯಾಕತ್ತಾರ!” ಎಂದೆ.

“ಬೈಯಾಕತ್ತಾರ್ರಿ,” ಎಂದಳು ಸುಮಾ. “ಕಣ್ಣು ಮುಚ್ಕೊಂಡು ಗಾಡಿ ಹೊಡ್ಯಾಕತ್ತಾರ ಪಾಪ.”

ಪೊಲೀಸರೊಬ್ಬರು ಕೈಯಿಂದ ಕಣ್ಣು ಮರೆಮಾಡಿಕೊಂಡು ಕಾರು ನಿಲ್ಲಿಸಿ ತೆಲುಗಿನಲ್ಲಿ ಕೇಳಿದರು: “ಏಂ ಸಾರ್, ಇದಿ ಕಾರಾ, ಸ್ಟೇಡಿಯಮಾ?” ಈ ಲೈಟಿಗೆ ಪರವಾನಗಿಯಿಲ್ಲ, ಎದುರಿನವರ ಜೀವ ಹೋಗುತ್ತದೆ ಎಂದರು. ತಿಳಿಯದವರು ಹಾಕಿದ್ದರೆ ಹಳೆಯ ಬಲ್ಬು ಹಾಕಿಸಿ, ದಂಡ ಕಟ್ಟಿಸಿಕೊಂಡು ಬಿಡುತ್ತಾರಂತೆ. ಓದಿದವರು ತಿಳಿದೂ ಹಾಕಿದ್ದರೆ ಗಾಡಿ ಸ್ಟೇಷನ್ನಿಗೆ, ಸೋಮವಾರದವರೆಗೆ. “ಚದುವುಕುನ್ನಾರಾ ಮೀರು?” ಓದಿದ್ದೀರಾ?

ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಹುಟ್ಟಿದ್ದು! ಬಾಯಿ ತೆರೆದೆ. ಸುಮಾ ಹಸಿರು ಸೀರೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದಂತೆಯೇ ಉಳಿಯಿತು. ಆಗ ಹಿಂದಿನ ಸೀಟಿನಿಂದ, ಊರಿಗೆಲ್ಲ ನನ್ನ ಪದವಿಯ ಡಂಗುರ ಸಾರಿದ್ದ ನನ್ನ ಅಪ್ಪ ತಲೆ ಹೊರಹಾಕಿದ.

“ಲೇದು ಸಾರ್. ಅಸಲು ಬಡಿ ಮುಖಮೇ ಚೂಡಲೇದು!”

ಶಾಲೆಯ ಮುಖವನ್ನೇ ನೋಡಿಲ್ಲವಂತೆ! ಪೊಲೀಸರು ನನ್ನ ಎಣ್ಣೆಗೈ, ಮಸಿ ಬಡಿದ ಮುಖ ನೋಡಿ ಒಡನೆ ನಂಬಿದರು. ಅಷ್ಟು ಬೇಗ ನಂಬಬೇಕಾಗಿರಲಿಲ್ಲ.

ಸುಮಾ ಚೀಲದಿಂದ ಹಳೆಯ ಬಲ್ಬುಗಳನ್ನು ತೆಗೆದಳು. “ನಿಮ್ಮ ಮ್ಯಾಲೆ ಭಾಳ ಭರೋಸಾ ಇತ್ರಿ, ಅದಕ್ಕ ತಂದಿದ್ದೆ.” ದಂಡ ಕಟ್ಟಿ, ಅಲ್ಲೇ ಅವನ್ನು ಹಾಕಿ, ಆ ಮಂದ ಬೆಳಕಿನಲ್ಲಿ ಒಂದು ಬಸ್ಸಿನ ಹಿಂದೆ ತೆವಳುತ್ತ ಹುಮನಾಬಾದ್ ಮುಟ್ಟಿದೆವು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಸುಮಾ ತಂಗಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಿದಳು. ಅಕ್ಕತಂಗಿಯರಿಬ್ಬರೂ ಅತ್ತರು, ನಕ್ಕರು.

ಗಡಿ ದಾಟಿ ಕರ್ನಾಟಕಕ್ಕೆ ಬಂದದ್ದರಿಂದ ಅಪ್ಪ ನನ್ನ ಪದವಿಯನ್ನು ನನಗೆ ಮರಳಿ ಕೊಟ್ಟಿದ್ದ. ಬೀಗರ ಹಿರಿಯರೆದುರು ನನ್ನ ಬೆನ್ನು ತಟ್ಟಿ, “ಇವ ನನ್ನ ಮಗ. ಕರೆಂಟಿನ ಇಂಜಿನಿಯರ್,” ಎಂದ. ಆ ಮಾತು ಮುಗಿಯುತ್ತಲೇ ಮಂಟಪದ ಮೈಕು ಗೊರಗೊರ ಎಂದು ಬಂದಾಯಿತು. ಇಡೀ ಮಂಟಪ ನನ್ನ ಕಡೆ ತಿರುಗಿತು.

“ಇಂಜಿನಿಯರ್ ಸಾಹೇಬ್ರ, ಸ್ವಲ್ಪ ನೋಡ್ತೀರೇನ್ರಿ?”

“ನಾ ಸಾಲಿ ಕಲತಿಲ್ರಿ,” ಎಂದೆ, ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂರುತ್ತ.