ಹಾವಿನ ಪದ ಹಿಡಿದವನು

ಯೆರೂಸಲೇಮಿನ ಎಲ್ಕಾನಾ ಸರೂಸಿ ‘ನಹಾಷ್’ ಎಂಬ ಒಂದೇ ಪದದ ಬೆನ್ನು ಹತ್ತಿ ಹನ್ನೊಂದು ವರ್ಷ ಸವೆಸಿದ್ದ. ಹೀಬ್ರೂವಿನಲ್ಲಿ ಹಾಗೆಂದರೆ ಹಾವು. ಆ ಸಂಜೆ ಬಡಾವಣೆಯ ಗ್ರಂಥಾಲಯದಲ್ಲಿ ಅವನ ಉಪನ್ಯಾಸ. ಹಿಂದಿನ ಸಲ ಬಂದವರು ಇಬ್ಬರು, ಅವರಲ್ಲೊಬ್ಬ ಫ್ಯಾನ್ ರಿಪೇರಿಗೆ ಬಂದವನು. ಈ ಸಲ ಹತ್ತು ಜನರಾದರೂ ಕೊನೆಯವರೆಗೆ ಕೂರದಿದ್ದರೆ ಮತ್ತೆ ಅವಕಾಶವಿಲ್ಲವೆಂದು ಗ್ರಂಥಪಾಲಕಿ ಖಡಾಖಂಡಿತವಾಗಿ ಹೇಳಿದ್ದಳು. ಅದಕ್ಕೇ ಅವನು ತನ್ನ ಕಟ್ಟಡದ ಮೆಟ್ಟಿಲ ಬಳಿ ಚೀಟಿ ಅಂಟಿಸಿದ್ದ: ‘ಹಾವು: ಮೂಲ ಮತ್ತು ಅರ್ಥ. ಡಾ. ಸರೂಸಿ.’

ಬೆಳಿಗ್ಗೆ ನೀರಿನ ಮೀಟರಿನ ಕಪಾಟಿನಲ್ಲಿ ನಿಜವಾದ ಹಾವೇ ಕಾಣಿಸಿಕೊಂಡಿತು. ಹಾವು ಹಿಡಿಯುವವನಿಗೆ ಬೇಸಿಗೆಯೆಂದರೆ ಸುಗ್ಗಿ, ಸಂಜೆಗೆ ಬರುತ್ತೇನೆಂದ. ಕಟ್ಟಡ ಸಮಿತಿಯ ಮುಖ್ಯಸ್ಥೆ ಫಾರ್ತೂನಾ ಚೀಟಿ ಓದಿದವಳೇ ಎಲ್ಕಾನಾನ ಬಾಗಿಲು ತಟ್ಟಿದಳು.

“ಡಾಕ್ಟ್ರೇ, ಹಾವಿನ ವಿಷಯ ಅರೆದು ಕುಡಿದಿದ್ದೀರಂತೆ. ಬನ್ನಿ, ಪೊರಕೆ ಕೊಡ್ತೀನಿ.”

ಹಾವನ್ನು ಹತ್ತಿರದಿಂದ ಕಂಡೇ ಇಲ್ಲವೆಂದು ಒಪ್ಪಿಕೊಂಡರೆ ಸಂಜೆ ಯಾರು ಬರುತ್ತಾರೆ? ಎಲ್ಕಾನಾ ಪೊರಕೆ ಹಿಡಿದು ಇಳಿದ. ನೆರೆಯವರೆಲ್ಲ ಮೆಟ್ಟಿಲ ಮೇಲೆ ನಾಟಕ ನೋಡುವವರಂತೆ ಸಾಲಾಗಿ ಕೂತಿದ್ದರು. ಪೊರಕೆಯ ತುದಿಯಿಂದ ಕಪಾಟು ತೆರೆದು ಒಂದು ಹೆಜ್ಜೆ ಹಿಂದೆ ಸರಿದ. ಬಾಯಿ ಮಾತ್ರ ಹಿಂದೆ ಸರಿಯಲಿಲ್ಲ.

“ನೋಡಿ, ‘ನಹಾಷ್’ ಅನ್ನೋ ಪದ ಬುಸುಗುಟ್ಟೋ ಸದ್ದಿನಿಂದ ಬಂತು ಅಂತಾರೆ ಕೆಲವರು. ಶಕುನ ನೋಡೋದಕ್ಕೂ ಇವೇ ಮೂರು ಅಕ್ಷರ. ತಾಮ್ರದ ಹೆಸರೂ ಇದರ ನೆಂಟನೇ ಇರಬಹುದು...”

“ಕಚ್ಚುತ್ತೋ ಇಲ್ವೋ, ಅದನ್ನ ಹೇಳಿ,” ಎಂದ ಮೂರನೇ ಮಹಡಿಯ ಗ್ರಿಷಾ.

“ಅದು ನನ್ನ ವಿಷಯಕ್ಕೆ ಬರಲ್ಲ,” ಎಂದು ಎಲ್ಕಾನಾ ಅವನತ್ತ ತಿರುಗಿ ಉತ್ತರಿಸುವಷ್ಟರಲ್ಲಿ ಕಪಾಟು ಖಾಲಿಯಾಗಿತ್ತು.

“ನೋಡಿ, ತೋಟಕ್ಕೆ ಓಡಿಸಿಬಿಟ್ಟೆ,” ಎಂದ. ನೆರೆಯವರು ಮುಖ ಮುಖ ನೋಡಿಕೊಂಡರು.

“ನಿಮ್ಮ ಭಾಷಣ ಎಷ್ಟು ಹೊತ್ತು?” ಫಾರ್ತೂನಾ ಕೇಳಿದಳು.

“ಒಂದು ಗಂಟೆ.”

“ಮೂರು ಗಂಟೆ ಮಾಡಿ. ಎಲ್ಲರೂ ಬರ್ತೀವಿ.”

ಸಂಜೆ ಇಪ್ಪತ್ತೆರಡು ಜನ ಮಕ್ಕಳುಮರಿ ಸಮೇತ ಬಂದರು. ಒಬ್ಬಳು ದಿಂಬು ತಂದಿದ್ದಳು. ಕೊನೆಗೂ ಈ ಊರಿಗೆ ಜ್ಞಾನದ ಹಸಿವು ಹುಟ್ಟಿತೆಂದು ಎಲ್ಕಾನಾ ಹಿಗ್ಗಿದ. ಎರಡು ಗಂಟೆ ಮಾತಾಡಿದ, ಒಬ್ಬರೂ ಏಳಲಿಲ್ಲ. ಶಕುನ ಮುಗಿಸಿ ತಾಮ್ರಕ್ಕೆ ಬರುವಾಗ ಫಾರ್ತೂನಾಳ ಫೋನ್ ರಿಂಗಾಯಿತು.

“ಸಿಕ್ತಂತೆ. ಏಳಿ, ಮನೆಗೆ ಹೋಗೋಣ,” ಎಂದಳು. ಸಭೆಗೆ ಸಭೆಯೇ ಎದ್ದಿತು.

“ಏನು ಸಿಕ್ತು?”

“ಹಾವು, ಡಾಕ್ಟ್ರೇ. ನಿಮ್ಮ ಕಾಲ ಪಕ್ಕದಲ್ಲೇ ಹರಿದು ನೀರಿನ ಪೈಪು ಹಿಡಿದು ಮೇಲೆ ಹತ್ತಿತ್ತು. ನಿಮ್ಮ ಮನೇಲೇ ಸೇರ್ಕೊಂಡಿತ್ತಂತೆ, ಹಾವು ಹಿಡಿಯೋನು ಬಾಗಿಲು ಒಡೀಬೇಕಾಯ್ತಂತೆ.”

“ಬೆಳಿಗ್ಗೆನೇ ಹೇಳಬಾರದಿತ್ತೇ?”

“ಹೇಳಿದ್ರೆ ನೀವು ಭಾಷಣ ಬಿಟ್ಟುಬಿಡ್ತಿದ್ರಿ. ಹಾವು ಸಿಗೋವರೆಗೆ ನಾವೆಲ್ಲಿ ಕೂರಬೇಕಿತ್ತು?”

ಅವನ ಹಿಂದೆ ಗ್ರಂಥಪಾಲಕಿ ಆಗಲೇ ಕುರ್ಚಿಗಳನ್ನು ಮಡಚತೊಡಗಿದ್ದಳು.